ಸೇನಾಪತಿ ಬಣ್ಣ ಬಳಿದ ಕಾರ್ನೆಟ್

ನಮ್ಮ ಪಕ್ಕದ ಮನೆಯವನನ್ನು ಓಣಿಯಲ್ಲಿ ಎಲ್ಲರೂ ಸೇನಾಪತಿ ಎಂದೇ ಕರೆಯುತ್ತಿದ್ದರು. ಸೈನ್ಯ ಹಾಗಿರಲಿ, ಸೈನ್ಯದವರು ಬಟ್ಟೆ ಒಗೆಯುವ ಕಲ್ಲನ್ನೂ ಅವನು ಕಂಡವನಲ್ಲ. ಬಸ್ಸಿನ ಮೈ ಕಟ್ಟುವ ಕಾರ್ಖಾನೆಯಲ್ಲಿ ಬಣ್ಣ ಹೊಡೆಯುವವ. ಆ ಹೆಸರಿಟ್ಟವರು ಜೊತೆಗೆ ಕೆಲಸ ಮಾಡುವವರು; ಅಣಕಿಸಲೆಂದೇ ಇಟ್ಟರು. ಅವನು ಅದನ್ನು ಪದವಿಯೆಂದು ತಿಳಿದು ತಲೆಯ ಮೇಲೆ ಹೊತ್ತುಕೊಂಡ. ಯಾರಾದರೂ "ಏನ್ ಸೇನಾಪತಿಗಳೇ" ಎಂದರೆ ಸಾಕು, ನಡಿಗೆ ಬದಲಾಗಿ ಎದೆ ಮುಂದಕ್ಕೆ, ಹೊಟ್ಟೆ ಅದಕ್ಕಿಂತ ಮುಂದಕ್ಕೆ ಬರುತ್ತಿತ್ತು. ಅಣಕ ನಾಟದಷ್ಟು ದಪ್ಪ ಚರ್ಮದವರನ್ನು ನಾನು ಬಹಳ ಮಂದಿ ನೋಡಿದ್ದೇನೆ. ಇವನ ಸಮಕ್ಕೆ ನಿಲ್ಲುವವರು ಯಾರೂ ಇಲ್ಲ.

ಅವನ ಕೈಕೆಲಸದ ಬಗ್ಗೆ ಸುಳ್ಳು ಹೇಳಲಾರೆ. ಬಣ್ಣ ಉಗುಳುವ ಗನ್ನು ಹಿಡಿದನೆಂದರೆ ಬಸ್ಸಿನ ಮೂತಿಯಿಂದ ಬಾಲದವರೆಗೆ ಒಂದೇ ಉಸಿರಿನಲ್ಲಿ ಪಟ್ಟೆ ಎಳೆಯುತ್ತಿದ್ದ. ಎಲ್ಲೂ ಸೋರುತ್ತಿರಲಿಲ್ಲ, ಎಲ್ಲೂ ಅಲುಗುತ್ತಿರಲಿಲ್ಲ. ಗುದ್ದು ತಿಂದು ತಗ್ಗಾದ ತಗಡಿಗೆ ಪುಟ್ಟಿ ಮೆತ್ತಿ, ಒಣಗಿದ ಮೇಲೆ ಉಜ್ಜಿ ನಯ ಮಾಡಿ, ಬಣ್ಣ ಹೊಡೆದನೆಂದರೆ ಆ ಬಸ್ಸು ಎಲ್ಲಿ ಗುದ್ದಿಕೊಂಡಿತ್ತೆಂದು ಅದರ ಡ್ರೈವರಿಗೂ ತಿಳಿಯುತ್ತಿರಲಿಲ್ಲ. ಅಷ್ಟಕ್ಕೇ ನಿಂತಿದ್ದರೆ ನಾನು ಇದನ್ನು ಬರೆಯಲು ಕೂರುತ್ತಿರಲಿಲ್ಲ. ಅವನ ತಲೆಯೊಳಗೆ ಒಂದೇ ಒಂದು ವಿಚಾರಕ್ಕೆ ಜಾಗವಿತ್ತು: ಜಗತ್ತಿನ ಯಾವ ವಸ್ತುವೇ ಆಗಲಿ, ಮೇಲೊಂದು ಕೈ ಬಣ್ಣ ಬಿದ್ದರೆ ಅದು ಉದ್ಧಾರವಾಯಿತು. ಕಾರ್ಖಾನೆಯ ಡಬ್ಬಿಗಳ ತಳದಲ್ಲಿ ಉಳಿದದ್ದನ್ನು ಮನೆಗೆ ತರುವುದು, ಕಣ್ಣಿಗೆ ಬಿದ್ದದ್ದಕ್ಕೆಲ್ಲ ಹೊಡೆಯುವುದು. ಹೆಂಡತಿಯ ಹೊಲಿಗೆಯಂತ್ರ ಹಸಿರಾಯಿತು. ಮಂಚದ ಕಾಲುಗಳು ಬೆಳ್ಳಿಯ ಬಣ್ಣಕ್ಕೆ ತಿರುಗಿದವು. ಇಸ್ತ್ರಿಪೆಟ್ಟಿಗೆಯನ್ನೂ ಬಿಡಲಿಲ್ಲ, ಮೊದಲ ಸಲ ಕಾಯಿಸಿದಾಗಲೇ ಅದು ಅವನ ಅಂಗಿಯ ಬೆನ್ನಿಗೆ ಬೆಳ್ಳಿಯ ಮುದ್ರೆ ಒತ್ತಿತು. ಗೋಡೆಗಡಿಯಾರದ ಮುಳ್ಳಿಗೆ ಕೆಂಪು ಬಳಿದ. ಬಣ್ಣದ ಭಾರಕ್ಕೆ ದೊಡ್ಡ ಮುಳ್ಳು ಮೇಲೇರಲಾರದೆ ಆರರ ಹತ್ತಿರವೇ ಜೋತುಬಿದ್ದು ನಿಂತಿತು. ಅದರ ಕೆಳಗೆ ಸೊಂಟಕ್ಕೆ ಕೈಯಿಟ್ಟು ನಿಂತವನು, "ಗಡಿಯಾರ ಹಳೇದಾಯ್ತು" ಎಂದ.

ಇಂಥವನ ಕೈಗೆ ಕಾರ್ನೆಟ್ ಸಿಕ್ಕಿತು.

ಕಾರ್ನೆಟ್ ಎಂದರೆ ಟ್ರಂಪೆಟ್ಟಿನ ಗಿಡ್ಡ ತಮ್ಮನಂತಿರುವ ಹಿತ್ತಾಳೆಯ ಊದುವಾದ್ಯ. ಮೇಲೆ ಮೂರು ಒತ್ತುಗುಂಡಿಗಳಿರುತ್ತವೆ. ಉಸಿರು ಊದುತ್ತ ಗುಂಡಿ ಒತ್ತಿದರೆ ಸ್ವರ ಬದಲಾಗುತ್ತದೆ. ಅದು ಅವನ ಮಾವನದು. ಆ ಮನುಷ್ಯ ನಿಜವಾಗಿ ಯುದ್ಧ ಕಂಡವರು, ಸೈನ್ಯದ ಬ್ಯಾಂಡಿನವರು. ಕೊನೆಗಾಲದಲ್ಲಿ ಮಗಳ ಮನೆಗೆ ಬಂದಾಗ ನಾನು ಅವರೊಂದಿಗೆ ಜಗಲಿಯಲ್ಲಿ ಕೂತು ಬಹಳ ಸಲ ಮಾತಾಡಿದ್ದೆ. ಮಾತು ಕಡಿಮೆ, ಕೇಳಿದ್ದಕ್ಕೆ ಮಾತ್ರ ಉತ್ತರ. ಯುದ್ಧ ಶುರುವಾದ ಮೇಲೆ ಬ್ಯಾಂಡಿನವರ ಕೈಗೆ ಸ್ಟ್ರೆಚರ್ ಕೊಟ್ಟರಂತೆ. ಹಗಲು ಗಾಯಾಳುಗಳನ್ನು ಹೊರುವುದು, ಸಂಜೆ ಆಸ್ಪತ್ರೆಯ ಡೇರೆಗಳ ಮುಂದೆ ನಿಂತು ಊದುವುದು. ಕಾರ್ನೆಟ್ಟಿನ ಕೊರಳಿನ ಬಳಿ ಒಂದು ತಗ್ಗಿತ್ತು. ಏನದು ಎಂದು ಕೇಳಿದೆ. "ಲಾರಿಯಿಂದ ಬಿತ್ತು" ಎಂದರು. ಅಷ್ಟೇ. ಸಾಯುವಾಗ ಅದನ್ನು ಒಬ್ಬಳೇ ಮಗಳ ಕೈಗೆ ಕೊಟ್ಟರು. ಮಗಳ ಕೈಯಿಂದ ಅಳಿಯ ಯಾವಾಗ ಕಿತ್ತುಕೊಂಡನೋ ಯಾರಿಗೂ ತಿಳಿಯಲಿಲ್ಲ, ಅಷ್ಟು ಬೇಗ.

ಮೊದಲು ಮಾಡಿದ ಕೆಲಸವೆಂದರೆ ಆ ತಗ್ಗಿಗೆ ಪುಟ್ಟಿ ಮೆತ್ತಿ ಸಮ ಮಾಡಿದ್ದು. ಆಮೇಲೆ ಕೆಂಪು ಪ್ರೈಮರ್. ಅದರ ಮೇಲೆ ಬೆಳ್ಳಿ. ಬೆಳ್ಳಿ ಸಪ್ಪೆಯೆನಿಸಿ ಚಿನ್ನದ ಬಣ್ಣ. ಅಲ್ಲಿಂದ ಮುಂದೆ ಮನೆಗೆ ದೊಡ್ಡ ಮನುಷ್ಯರು ಯಾರು ಬರುವುದಿದ್ದರೂ ಅದಕ್ಕೊಂದು ಹೊಸ ಕೈ. ಬಾಯಿಗಿಡುವ ತುದಿಗೂ ಬಣ್ಣ, ಒತ್ತುಗುಂಡಿಗಳಿಗೂ ಬಣ್ಣ, ಗುಂಡಿ ಜಾರುವ ಸಂದಿಗೂ ಬಣ್ಣ. ನಡುಮನೆಯಲ್ಲಿ ಗಾಜಿನ ಪೆಟ್ಟಿಗೆ ಮಾಡಿಸಿ ಅದರೊಳಗೆ ಕೂರಿಸಿದ. ಫೋಟೋ ತೆಗೆಯುವವರು ಸಿಕ್ಕರೆ ಹೊರಗೆ ತೆಗೆದು ತುಟಿಗಿಟ್ಟು ಕೆನ್ನೆ ಉಬ್ಬಿಸಿ ನಿಲ್ಲುತ್ತಿದ್ದ. ಉಸಿರು ಮಾತ್ರ ಬಿಡುತ್ತಿರಲಿಲ್ಲ.

ಬಣ್ಣ ದಪ್ಪವಾದಷ್ಟೂ ಕಥೆಯೂ ದಪ್ಪವಾಯಿತು. ಲಾರಿ ಹೋಗಿ ಗುಂಡು ಬಂತು. ಸ್ಟ್ರೆಚರ್ ಹೋಗಿ ಬಂದೂಕು ಬಂತು. ಮಾವನವರು ಬೆಟ್ಟದ ತುದಿಯಲ್ಲಿ ನಿಂತು ಕಾರ್ನೆಟ್ ಊದಿದ ಮೇಲೆಯೇ ಇಡೀ ಪಡೆ ಶತ್ರುವಿನ ಮೇಲೆ ನುಗ್ಗಿತಂತೆ. ಒಮ್ಮೆ ಅವನ ಕಾರ್ಖಾನೆಯ ಗುಮಾಸ್ತ ಮನೆಗೆ ಬಂದಿದ್ದ. ನಾನೂ ಅಲ್ಲೇ ಇದ್ದೆ.

"ಇಲ್ಲಿ ನೋಡಿ, ಇಲ್ಲೇ ತಗುಲಿದ್ದು ಗುಂಡು. ನಮ್ಮ ಮಾವನವರ ಎದೆಗೆ ಬರಬೇಕಾಗಿದ್ದು" ಎಂದು ಸೇನಾಪತಿ ಕಾರ್ನೆಟ್ಟಿನ ಕೊರಳು ತೋರಿಸಿದ.

ಗುಮಾಸ್ತ ಕನ್ನಡಕ ಏರಿಸಿಕೊಂಡು ಬಗ್ಗಿದ. "ಎಲ್ಲಿ? ಏನೂ ಕಾಣ್ತಾ ಇಲ್ವಲ್ಲ."

"ಹೇಗೆ ಕಾಣುತ್ತೆ? ನಾನೇ ಪುಟ್ಟಿ ಹಾಕಿ ಸಮ ಮಾಡಿದೀನಿ. ಕೈಯಾಡಿಸಿ ನೋಡಿ, ಗೊತ್ತಾಗುತ್ತಾ?"

"ಇಲ್ಲ."

"ಕೆಲಸ ಅಂದ್ರೆ ಅದು."

ಗುಂಡು ಬಿದ್ದ ಹೆಮ್ಮೆಯೂ ಅವನಿಗೇ, ಅದರ ಗುರುತು ಅಳಿಸಿದ ಹೆಮ್ಮೆಯೂ ಅವನಿಗೇ. ಗುಮಾಸ್ತ ಲೋಟ ಕೆಳಗಿಟ್ಟು ನನ್ನ ಮುಖ ನೋಡಿದ. ನಾನು ಜಂತಿ ನೋಡಿದೆ. ಸೇನಾಪತಿ ಅಡುಗೆಮನೆಯ ಬಾಗಿಲ ಕಡೆ ತಿರುಗಿ, "ಅಲ್ವೇನೇ?" ಎಂದ. ಅವನ ಹೆಂಡತಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

ನಾನು ಆಮೇಲೆ ಅವಳನ್ನು ಕೇಳಿದೆ. "ತಂಗೀ, ನಿಮ್ಮಪ್ಪನ ಮೇಲೆ ಇಷ್ಟೊಂದು ಬೊಗಳೆ ಬಿಡ್ತಾನೆ, ನೀನು ಹೇಗೆ ಸುಮ್ನಿರ್ತೀಯ?"

"ಹೇಳ್ಕೊಳ್ಳಲಿ ಬಿಡಣ್ಣ. ತಮ್ಮದು ಅಂತ ಹೇಳ್ಕೊಳ್ಳೋಕೆ ಅವರ ಹತ್ರ ಇನ್ನೇನಿದೆ?"

ನನ್ನ ನಾಲಗೆಗೆ ಅಷ್ಟು ದೊಡ್ಡ ಮನಸ್ಸಿಲ್ಲ.

ಅವಳ ಕಿವಿ ಮಂದವಾಗುತ್ತಿರುವುದು ಮೊದಲು ಗೊತ್ತಾದದ್ದು ನನ್ನ ಹೆಂಡತಿಗೆ. ಒಂದು ಮಧ್ಯಾಹ್ನ ನಮ್ಮ ಹೊಸ್ತಿಲ ಕೆಳಗಿಂದ ನೀರು ನುಗ್ಗಿತು. ನನ್ನ ಹೆಂಡತಿ ಹೋಗಿ ನೋಡಿದರೆ ಪಕ್ಕದ ಮನೆಯ ತೊಟ್ಟಿ ಉಕ್ಕಿ ಹರಿಯುತ್ತಿದೆ, ನಲ್ಲಿ ಭೋರೆನ್ನುತ್ತಿದೆ, ಅವಳು ಅದಕ್ಕೆ ಬೆನ್ನು ಹಾಕಿ ನೆಮ್ಮದಿಯಾಗಿ ಕಾಳು ಆರಿಸುತ್ತಿದ್ದಾಳೆ. ನೀರು ಪಾದ ತಾಕಿದ ಮೇಲೆಯೇ ಎದ್ದಳು. ಆಮೇಲೆ ಒಂದೊಂದೇ ಕಾಣತೊಡಗಿತು. ಬಾಗಿಲು ತಟ್ಟಿದರೆ ಬರುವುದಿಲ್ಲ. ತಾನು ಮಾತಾಡುವಾಗ ಮಾತ್ರ ದನಿ ಏರುತ್ತದೆ; ಉಪ್ಪು ಕೇಳಲು ಬಂದರೆ ಓಣಿಯ ತುದಿಯವರೆಗೆ ಕೇಳಿಸುತ್ತದೆ. ಗಂಡ ಮಾತ್ರ ಏನನ್ನೂ ಗಮನಿಸಲಿಲ್ಲ. ಅವನು ಮಾತಾಡುವವನೇ ಹೊರತು ಉತ್ತರಕ್ಕೆ ಕಾಯುವವನಲ್ಲ.

ಕಿವಿಯ ಡಾಕ್ಟರ ಹತ್ತಿರ ಅವಳನ್ನು ಕರೆದುಕೊಂಡು ಹೋದದ್ದೂ ನನ್ನ ಹೆಂಡತಿಯೇ. ಡಾಕ್ಟರು ಪರೀಕ್ಷೆ ಮಾಡಿ ಕಾಗದದ ಮೇಲೆ ದೊಡ್ಡದಾಗಿ ಬರೆಯುತ್ತ, ಬಾಯಲ್ಲೂ ಹೇಳಿದರಂತೆ: "ಒಳಗಿನ ನರ ಒಣಗ್ತಾ ಇದೆ. ಮಿಷನ್ ಹಾಕ್ಕೊಂಡ್ರೆ ಸ್ವಲ್ಪ ಕಾಲ ನಡೆಯುತ್ತೆ, ಆಮೇಲೆ ಅದೂ ಇಲ್ಲ. ಕೇಳ್ಬೇಕು ಅನ್ನೋ ಆಸೆ ಏನಾದ್ರೂ ಇದ್ರೆ ಈಗ್ಲೇ ಕೇಳಿಬಿಡಿ." ಸೇನಾಪತಿಗೆ ಈ ಸುದ್ದಿ ಮುಟ್ಟಿಸಿದಾಗ ಅವನು ಮೀಸೆ ತೀಡುತ್ತ, "ವಯಸ್ಸಾದ ಮೇಲೆ ಬಸ್ಸಿಗೂ ಹಾರ್ನ್ ಹೋಗುತ್ತೆ" ಎಂದ. ಇಂಥ ಮಾತಿಗೆ ಅವನು ತಾನೇ ನಗುತ್ತಿದ್ದ, ಬೇರೆಯವರಿಗೆ ಆ ಶ್ರಮ ಕೊಡುತ್ತಿರಲಿಲ್ಲ.

ಅದಾದ ಮೇಲೆ ಒಂದು ಸಂಜೆ ಅವಳು ನಮ್ಮ ಮೆಟ್ಟಿಲ ಮೇಲೆ ಬಂದು ಕೂತಳು. ಹೊಸ ಮಿಷನ್ನನ್ನು ಕಿವಿಗೆ ಸಿಕ್ಕಿಸಿ, ತೆಗೆದು, ಮತ್ತೆ ಸಿಕ್ಕಿಸಿಕೊಂಡಳು.

"ಅಣ್ಣ, ಹಾಳು ಮಿಷನ್ನು. ಪಾತ್ರೆ ಸದ್ದು ಕೇಳುತ್ತೆ, ಮನುಷ್ಯರ ಮಾತು ಕೇಳಲ್ಲ."

"ಒಳ್ಳೇದೇ ಆಯ್ತು, ನಿನ್ನ ಗಂಡನ ಕಥೆ ತಪ್ಪುತ್ತೆ" ಎಂದು ನಾನು ಕಿವಿಯ ಹತ್ತಿರವೇ ಹೇಳಿದೆ.

ನಕ್ಕಳು. ಆಮೇಲೆ ನಗು ನಿಲ್ಲಿಸಿ, "ನನಗೆ ಅಪ್ಪನ ಕಾರ್ನೆಟ್ ಒಂದೇ ಒಂದ್ಸಲ ಕೇಳ್ಬೇಕು. ಪೂರ್ತಿ ಹೋಗೋಕೆ ಮುಂಚೆ. ನೀವೇ ಅವರಿಗೆ ಹೇಳಿ. ನಾನು ಹೇಳಿದ್ರೆ ಗಾಜಿನ ಪೆಟ್ಟಿಗೆಗೆ ಬೀಗ ಹಾಕ್ತಾರೆ" ಎಂದಳು.

ನಾನು ಹೋದೆ. ಆ ಹೊತ್ತಿಗೆ ಸೇನಾಪತಿಯ ತಲೆ ಮುಗಿಲಿನಲ್ಲಿತ್ತು. ಕಾರ್ಖಾನೆಯ ಮಾಲೀಕರು ಹೊಸ ಶೆಡ್ಡು ಕಟ್ಟಿಸಿದ್ದರು. ಅದರ ಉದ್ಘಾಟನೆಯ ದಿನ ಕಾರ್ನೆಟ್ಟನ್ನು ವೇದಿಕೆಯ ಮೇಲಿಟ್ಟು, ಸೇನಾಪತಿ ಧೈರ್ಯದ ಬಗ್ಗೆ ನಾಲ್ಕು ಮಾತಾಡಬೇಕೆಂದು ಹೇಳಿದ್ದರಂತೆ. ಮಾಲೀಕರಿಗೆ ಕೆಲಸಗಾರರ ಮುಂದೆ ಧೈರ್ಯದ ಮಾತಾಡುವವರು ಯಾರೋ ಒಬ್ಬರು ಬೇಕಿತ್ತು, ಇವನು ಬಿಟ್ಟಿಗೆ ಸಿಕ್ಕ. ಅವನು ಕನ್ನಡಿಯ ಮುಂದೆ ಒಂದು ಕೈ ಎತ್ತಿ, ಇಳಿಸಿ, ಇನ್ನೊಂದು ಕೈ ಎತ್ತಿ ಅಭ್ಯಾಸ ಮಾಡುತ್ತಿದ್ದ. ಹೆಂಡತಿಯ ಆಸೆಯನ್ನು ಹೇಳಿದೆ.

"ಊದೋದಾ? ಅದನ್ನ ಊದೋ ಯೋಗ್ಯತೆ ಇರೋನು ಇನ್ನೂ ಹುಟ್ಟಿಲ್ಲ. ಕಂಡೋರ ಎಂಜಲಾಗೋಕೆ ನಾನು ಬಿಡಲ್ಲ."

"ಕಂಡೋರು ಯಾಕಪ್ಪ, ನೀನೇ ಊದು."

"ನಾನು ಅದನ್ನ ಕಾಪಾಡೋನು."

ಗಾಜಿನ ಪೆಟ್ಟಿಗೆ ತೆರೆದೇ ಇತ್ತು. ನಾನು ಕೈಹಾಕಿ ಒಂದು ಗುಂಡಿ ಒತ್ತಿದೆ. ಗೋಡೆ ಒತ್ತಿದ ಹಾಗಾಯಿತು. ಮೂರೂ ಅಷ್ಟೇ, ಬಣ್ಣ ಕುಡಿದು ಕಚ್ಚಿಕೊಂಡಿದ್ದವು.

"ಕಾಪಾಡಿದ್ದು ಸಾಕು. ಇದು ವಾದ್ಯ ಅಲ್ಲ, ಬೊಂಬೆ ಮಾಡಿಟ್ಟಿದೀಯ" ಎಂದೆ.

"ನಿಮಗೇನ್ ಗೊತ್ತು? ಹೋಗಿ ನಿಮ್ಮ ಬೀಗ ರಿಪೇರಿ ಮಾಡ್ಕೊಳ್ಳಿ" ಎಂದು ಅವನು ಕನ್ನಡಿಯ ಕಡೆ ತಿರುಗಿದ.

ನಾನು ಬೀಗ ರಿಪೇರಿ ಮಾಡುವವನೇ. ಅದರಲ್ಲಿ ನನಗೆ ನಾಚಿಕೆಯಿಲ್ಲ. ಬೀಗಕ್ಕೆ ಬಣ್ಣ ಬಳಿದು ಅದು ತೆರೆಯದಂತೆ ಮಾಡಿ ಕಾಪಾಡಿದೆನೆಂದು ಇದುವರೆಗೆ ಯಾರ ಮುಂದೆಯೂ ಹೇಳಿಕೊಂಡಿಲ್ಲ. ಬಂದು ಅವಳಿಗೆ ನಡೆದದ್ದನ್ನು ಹೇಳಿದೆ. ಎರಡನೆಯ ಸಲ ಕೇಳಿಸಿಕೊಂಡು ತಲೆಯಾಡಿಸಿದಳು, ಎದ್ದು ಹೋದಳು. ಸೋತಳು ಎಂದುಕೊಂಡೆ.

ಉದ್ಘಾಟನೆಯ ಹಿಂದಿನ ದಿನ ಸೇನಾಪತಿ ಕಾರ್ನೆಟ್ಟಿಗೆ ಮತ್ತೊಂದು ಕೈ ಚಿನ್ನದ ಬಣ್ಣ ಹೊಡೆದು, ಹಿತ್ತಲಿನ ಬಟ್ಟೆ ತಂತಿಗೆ ದಾರದಲ್ಲಿ ತೂಗುಹಾಕಿ, ತನ್ನ ಮೀಸೆಗೂ ಬಣ್ಣ ಹಾಕಿಸಲು ಕ್ಷೌರದಂಗಡಿಗೆ ಹೋದ. ಅವನ ಬೆನ್ನು ತಿರುವಿನಲ್ಲಿ ಮರೆಯಾದದ್ದೇ ತಡ, ಹಿತ್ತಲ ಗೋಡೆಯ ಆ ಕಡೆಯಿಂದ ದನಿ ಬಂತು.

"ಅಣ್ಣ, ಸ್ವಲ್ಪ ಬನ್ನಿ."

ಹೋಗಿ ನೋಡಿದರೆ ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಂಡನ ಥಿನ್ನರ್ ಡಬ್ಬಿಯನ್ನು ಬೋಗುಣಿಗೆ ಬಗ್ಗಿಸಿ, ಕಾರ್ನೆಟ್ಟನ್ನು ಅದರಲ್ಲಿ ಮುಳುಗಿಸಿ ಕೂತಿದ್ದಾಳೆ. ಅವನ ಕೆಲಸದ ಬಟ್ಟೆಗಳ ಬಣ್ಣ ಬಿಡಿಸಿ ಬಿಡಿಸಿ ಅವಳ ಕೈ ಪಳಗಿತ್ತು. ಹಳೆ ಬನಿಯನ್ನಿನ ಚಿಂದಿಯಲ್ಲಿ ತಿಕ್ಕಿದಂತೆಲ್ಲ ಚಿನ್ನ ಕಳಚಿತು. ಚಿನ್ನದ ಕೆಳಗೆ ಚಿನ್ನ, ಅದರ ಕೆಳಗೆ ಇನ್ನೊಂದು ಚಿನ್ನ, ಆಮೇಲೆ ಬೆಳ್ಳಿ, ಆಮೇಲೆ ಕೆಂಪು. ಬೋಗುಣಿಯ ತಳದಲ್ಲಿ ಅವನ ಇಷ್ಟು ವರ್ಷಗಳ ಗೌರವವೆಲ್ಲ ರಾಡಿಯಾಗಿ ಕೂತಿತು. ಕೊನೆಗೆ ಕೊರಳಿನ ಬಳಿಯ ಪುಟ್ಟಿ ಸಡಿಲವಾಗಿ, ಹುಳುಕು ಹಲ್ಲು ಬಿದ್ದಂತೆ ಬಿತ್ತು. ಲಾರಿಯಿಂದ ಬಿದ್ದ ತಗ್ಗು ಬಯಲಾಯಿತು. ಅವಳು ಅದರೊಳಗೆ ಹೆಬ್ಬೆರಳಿಟ್ಟು ನೋಡಿದಳು.

ಗುಂಡಿಗಳ ಕೆಳಗಿನ ಮುಚ್ಚಳ ಬಿಚ್ಚಲು ಅವಳ ಕೈಗೆ ಬಲ ಸಾಲಲಿಲ್ಲ, ಅದಕ್ಕೇ ನನ್ನನ್ನು ಕರೆದದ್ದು. ನಾನು ಬಿಚ್ಚಿಕೊಟ್ಟೆ. ಅವಳು ಒಳಗೆಲ್ಲ ಒರೆಸಿ, ಸಾಬೂನು ನೀರಿನಲ್ಲಿ ತೊಳೆದು, ಹೊಲಿಗೆಯಂತ್ರದ ಎಣ್ಣೆ ಬಿಟ್ಟಳು. ಮೂರೂ ಗುಂಡಿಗಳು ಒತ್ತಿದರೆ ಇಳಿದವು, ಬಿಟ್ಟರೆ ಎದ್ದವು.

ಸಂಜೆ ಸೇನಾಪತಿ ಬಂದಾಗ ನಾನೂ ನನ್ನ ಹೆಂಡತಿಯೂ ಅವರ ನಡುಮನೆಯಲ್ಲೇ ಇದ್ದೆವು. ಅವನ ಮೀಸೆ ಹೊಸ ಬೂಟಿನಂತೆ ಕಪ್ಪಾಗಿತ್ತು. ತಂತಿಯಲ್ಲಿ ದಾರ ಮಾತ್ರ ತೂಗುತ್ತಿತ್ತು. ನಡುಮನೆಗೆ ನುಗ್ಗಿದವನಿಗೆ ಕಂಡದ್ದು ಹೆಂಡತಿಯ ಮಡಿಲಲ್ಲಿ ಮಲಗಿದ್ದ ಮಾಸಲು ಹಿತ್ತಾಳೆ, ಮೈತುಂಬ ಗೀರು, ಕೊರಳಲ್ಲಿ ತಗ್ಗು.

"ಏನೇ ಇದು? ಮಾನ ಕಳೆದ್ಯಲ್ಲೇ. ನಾಳೆ ಇದನ್ನ ಹೇಗೆ ತೋರಿಸಲಿ? ಗುಜರಿಯವನೂ ಮುಟ್ಟಲ್ಲ."

"ಏನಂದ್ರಿ?"

"ಗುಜರಿ, ಗುಜರಿ" ಎಂದು ಅರಚಿದ.

"ಊದ್ರಿ" ಎಂದಳು, ಇಡೀ ಓಣಿಗೆ ಕೇಳುವ ಹಾಗೆ. "ನಾನು ಚಿಕ್ಕವಳಿದ್ದಾಗ ಅಪ್ಪ ನನ್ನ ತೊಡೆ ಮೇಲೆ ಕೂರಿಸ್ಕೊಂಡು ಊದೋರು, ಗುಂಡಿ ನಾನು ಒತ್ತುತ್ತಿದ್ದೆ. ಬೆರಳಿಗೆ ಇನ್ನೂ ನೆನಪಿದೆ. ಉಸಿರು ಮಾತ್ರ ನೀವು ಕೊಡಿ. ಊದಿದ್ರೆ ಕಾರ್ನೆಟ್ ನಿಮಗೆ ಕೊಡ್ತೀನಿ. ತಗೊಂಡ್ಹೋಗಿ, ಬೇಕಾದ ಬಣ್ಣ ಹಚ್ಕೊಳ್ಳಿ."

"ಊದಲ್ಲ ಅಂದ್ರೆ?"

ಇದು ಅವಳಿಗೆ ಕೇಳಿಸಿತೋ, ಅವನ ಮುಖ ನೋಡಿ ತಿಳಿಯಿತೋ, ಹೇಳಲಾರೆ. "ಊದದಿದ್ರೆ ನಾಳೆ ನಾನೂ ಬರ್ತೀನಿ. ಮುಂದಿನ ಸಾಲಲ್ಲೇ ಕೂರ್ತೀನಿ. ನಮ್ಮಪ್ಪ ಬಂದೂಕು ಹಿಡಿದೋರಲ್ಲ, ಸ್ಟ್ರೆಚರ್ ಹೊತ್ತೋರು, ಇದು ಲಾರಿಯಿಂದ ಬಿದ್ದಿದ್ದು ಅಂತ ಎದ್ದು ನಿಂತು ಹೇಳ್ತೀನಿ. ನನ್ನ ದನಿಗೆ ಮೈಕ್ ಬೇಡ."

ಬೇಡವೇ ಬೇಡ. ಆಗಲೇ ಎದುರುಮನೆಯ ಕಿಟಕಿಯಲ್ಲಿ ತಲೆಗಳು ಕಾಣುತ್ತಿದ್ದವು. ಸೇನಾಪತಿ ನನ್ನ ಕಡೆ ತಿರುಗಿದ. ಬೆಟ್ಟದ ತುದಿಯಿಂದ ಪಡೆ ನುಗ್ಗಿಸಿದವನ ಅಳಿಯ, ಬೆಕ್ಕು ಕಂಡ ಇಲಿಯ ಮುಖ ಮಾಡಿಕೊಂಡಿದ್ದ.

"ನೀವಾದ್ರೂ ಅವಳಿಗೆ ಹೇಳಿ."

"ಕೇಳಿಸೋ ಹಾಗಿದ್ರೆ ಹೇಳ್ತಿದ್ದೆ" ಎಂದೆ.

ಅವನು ಕಿಟಕಿಗಳನ್ನೆಲ್ಲ ಹಾಕಿದ, ಬಾಗಿಲನ್ನೂ ಹಾಕಿದ. ಕಳ್ಳತನಕ್ಕೆ ಇಳಿದವನಂತೆ ಸುತ್ತ ನೋಡಿ ಅವಳ ಪಕ್ಕ ಕೂತ. ಅವಳು ಕಾರ್ನೆಟ್ಟನ್ನು ಅವನ ತುಟಿಗೆ ಹಿಡಿದಳು, ಕೈ ಬಿಡಲಿಲ್ಲ. ಕೆನ್ನೆ ಉಬ್ಬಿಸುವುದರಲ್ಲಿ ಅವನದು ಎತ್ತಿದ ಕೈ, ಚೆನ್ನಾಗಿಯೇ ಉಬ್ಬಿಸಿದ. ಬಂದದ್ದು ಪಂಕ್ಚರಾದ ಟ್ಯೂಬಿನ ಸದ್ದು. ಮತ್ತೆ ಊದಿದ. ಈ ಸಲ ಬಂದ ಸದ್ದನ್ನು ನಾನು ಬರೆಯುವುದಿಲ್ಲ. ನನ್ನ ಹೆಂಡತಿ ಬಾಯಿಗೆ ಸೆರಗು ಅಡ್ಡ ಹಿಡಿದು ಗೋಡೆಯ ಕಡೆ ತಿರುಗಿದಳು.

"ಕೆನ್ನೆ ಬೇಡ. ತುಟಿ ಬಿಗಿಯಾಗಿ ಹಿಡೀರಿ" ಎಂದಳು ಅವನ ಹೆಂಡತಿ. "ನಾಲಗೆ ತುದಿಗೆ ನೂಲಿನ ಎಳೆ ಅಂಟಿಕೊಂಡಿದ್ರೆ ಹೇಗೆ ಉಗುಳ್ತೀರಿ? ಹಾಗೆ. ಅಪ್ಪ ಹಾಗೇ ಹೇಳ್ತಿದ್ರು."

ಅವನು ಉಗುಳಿದ. ಕಣ್ಣು ಹೊರಬಂದವು. ಹೊಸ ಮೀಸೆಯ ಕಪ್ಪು ಬೆವರಿನೊಂದಿಗೆ ಇಳಿದು ಗಲ್ಲಕ್ಕೆ ಬಂತು. ತನ್ನ ಜನ್ಮದಲ್ಲಿ ಆ ಮನುಷ್ಯ ಬೇರೊಬ್ಬರು ಹೇಳಿದಂತೆ ಕೆಲಸ ಮಾಡಿದ್ದನ್ನು ನಾನು ಅದೇ ಮೊದಲು ಕಂಡದ್ದು, ಅದೂ ಕತ್ತು ಹಿಡಿದಿದ್ದರಿಂದ. ಬಹಳ ಹೊತ್ತು ಒದ್ದಾಡಿದ ಮೇಲೆ ಆಕಸ್ಮಿಕವಾಗಿ ಒಂದು ಸ್ವರ ಹೊರಟಿತು. ಒಳ್ಳೆಯ ಸ್ವರವೇನಲ್ಲ, ತಾಯಿ ತಪ್ಪಿದ ಕರುವಿನ ದನಿ. ಆದರೂ ಅದು ಹಿತ್ತಾಳೆಯೊಳಗಿಂದ ಬಂದ ದನಿ, ದೊಡ್ಡ ದನಿ. ಗಾಜಿನ ಪೆಟ್ಟಿಗೆಯ ಗಾಜು ಝುಂ ಎಂದಿತು.

ಅವಳ ಬೆನ್ನು ನೆಟ್ಟಗಾಯಿತು. ಮಿಷನ್ನನ್ನು ಕಿವಿಯಿಂದ ಕಿತ್ತು ಮಡಿಲಿಗೆ ಹಾಕಿಕೊಂಡು, ಬರಿಕಿವಿಯನ್ನು ಕಾರ್ನೆಟ್ಟಿನ ಅಗಲ ಬಾಯಿಗೆ ಒತ್ತಿದಳು. "ಬಿಡಬೇಡಿ" ಎಂದಳು. ಅವನು ಊದಿದ. ಅವಳ ಬೆರಳುಗಳು ಗುಂಡಿಗಳ ಮೇಲೆ ಹೋದವು. ಒಂದು ಒತ್ತಿದಳು, ಸ್ವರ ಇಳಿಯಿತು. ಎರಡು ಒತ್ತಿದಳು, ಇನ್ನೂ ಇಳಿಯಿತು. ಬಿಟ್ಟಳು, ಮೇಲೆ ಬಂತು. ಉಸಿರು ಅವನದು, ಒರಟು, ಅಲ್ಲಲ್ಲಿ ಕಡಿದುಹೋಗುತ್ತಿತ್ತು. ಆದರೆ ಇಳಿದು ಏರುವ ಆ ದಾರಿ ಅವನದಾಗಿರಲಿಲ್ಲ. ಮಗುವಿನ ಬೆರಳಿಗೆಂದೇ ಯಾರೋ ಕಟ್ಟಿಕೊಟ್ಟ ಪುಟ್ಟ ಮಟ್ಟು ಅದು. ಸೇನಾಪತಿಯ ಅಷ್ಟೂ ಉಗುಳಿನ ನಡುವೆ ಅದು ಗುರುತು ಸಿಗುವಂತೆ ಹೊರಗೆ ಬಂತು.

"ಕೇಳಿಸ್ತಾ ತಂಗೀ?" ಎಂದು ನನ್ನ ಹೆಂಡತಿ ಅವಳ ಭುಜ ಮುಟ್ಟಿ ಕೇಳಿದಳು.

ಅವಳು ಕಣ್ಣು ಮುಚ್ಚಿಕೊಂಡೇ ತಲೆಯಾಡಿಸಿದಳು. "ಇನ್ನೊಂದ್ಸಲ" ಎಂದಳು.

ಅವನು ಇನ್ನೊಂದು ಸಲ ಊದಿದ. ಅದಾದ ಮೇಲೆ ಇನ್ನೊಂದು ಸಲ. ತುಟಿ ಬಾತು ಕೆಂಪಾಗಿತ್ತು, ಅಂಗಿ ಮೈಗೆ ಅಂಟಿತ್ತು, ತಲೆ ತಿರುಗಿ ಗೋಡೆಗೆ ಕೈಯೂರಿ ಕೂತಿದ್ದ. ಹಾಕಿದ ಕಿಟಕಿಗಳ ಆಚೆ ಓಣಿಯವರು ಸೇರಿದ್ದರು. ಯಾರೋ ಕೆಮ್ಮಿದರು, ಯಾರೋ ನಕ್ಕರು. ಅವನಿಗೆ ಅದು ಕೇಳಿಸಿತು. ಅವನ ಕಿವಿ ಚೆನ್ನಾಗಿಯೇ ಇತ್ತು.

"ಸಾಕು, ಬಿಡೇ. ನನ್ನ ಕೈಲಾಗಲ್ಲ" ಎಂದ.

ಅವಳಿಗೆ ಕೇಳಿಸಲಿಲ್ಲ. ಕಿವಿಯನ್ನು ಹಿತ್ತಾಳೆಗೆ ಒತ್ತಿ, ಬೆರಳುಗಳನ್ನು ಗುಂಡಿಗಳ ಮೇಲಿಟ್ಟು, ಕಾಯುತ್ತ ಕೂತಳು. ಅವನು ಸ್ವಲ್ಪ ಹೊತ್ತು ಅವಳ ಮುಖ ನೋಡಿದ. ಆಮೇಲೆ ಬಾತ ತುಟಿ ಒರೆಸಿಕೊಂಡು ಊದಿದ.